ತುಂಬಿದಾಗ ಮಾತ್ರ ಬರುವ ದನಿ

ನಮ್ಮ ಮನೆಯವರು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೆಲಸಕ್ಕಿದ್ದರು. ಜನರನ್ನು ತಪ್ಪು ಬಸ್ಸಿಗೆ ಹತ್ತಿಸುವವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರು ಸತ್ತ ಮೇಲೆ ಬೇರೆ ಮಾತು ಹಬ್ಬಿದೆ. ಆ ಮಾತು ಸುಳ್ಳು.

ಒಂದೇ ಒಂದು ಸಲ ತಪ್ಪಿದ್ದರು. ನಮಗೆ ಮದುವೆಯಾದ ಹೊಸತು. ಚೀಲ ಹೊತ್ತ ಒಬ್ಬ ಮುದುಕ ಬಂದು ಕೇಳಿದ. ಇವರು ಕೊನೆಯ ಪ್ಲಾಟ್‌ಫಾರಂ ತೋರಿಸಿದರು. ಅಷ್ಟರಲ್ಲಿ ಅಲ್ಲಿಯ ಗಾಡಿಯನ್ನು ಡಿಪೋದವರು ಬದಲಾಯಿಸಿದ್ದರು, ಇವರಿಗೆ ಹೇಳಿರಲಿಲ್ಲ. ಗೊತ್ತಾದ ತಕ್ಷಣ ಕೌಂಟರಿನ ಕಿಟಕಿ ಎಳೆದು, ಹಿಂದೆಯೇ ಹೊರಟ ಬಸ್ಸು ಹತ್ತಿ, ಆ ಮುದುಕನನ್ನು ಹಿಡಿದು, ಚೀಲ ತಾವೇ ಹೊತ್ತು ವಾಪಸು ಕರೆತಂದರು. ಕೌಂಟರ್ ಬಿಟ್ಟು ಹೋಗಿದ್ದಕ್ಕೆ ಮೇಲಿನವರು ಬೈದರು. ಇವರು, "ಕೌಂಟರ್ ಎಲ್ಲಿಗೂ ಹೋಗಲ್ಲ ಸಾರ್, ಆ ಮನುಷ್ಯ ಹೋಗ್ತಾ ಇದ್ದ" ಎಂದರಂತೆ.

ಅಂದಿನಿಂದ ಕೇಳದೆ ಏನನ್ನೂ ಹೇಳುತ್ತಿರಲಿಲ್ಲ. ಗೊತ್ತಿದ್ದರೂ ಕೇಳುತ್ತಿದ್ದರು. ಜನ ಬಂದು ಕೇಳಿದರೆ "ತಡೀರಿ" ಎನ್ನುವರು. ಡಿಪೋಗೆ ಫೋನು ಮಾಡುವರು. ಅಲ್ಲಿ ಎತ್ತದಿದ್ದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಡ್ರೈವರನ್ನೇ ಕೂಗಿ ಕೇಳುವರು. ಆಮೇಲೆಯೇ ಉತ್ತರ. ಕಂಡಕ್ಟರುಗಳು ಅವರಿಗೆ ತಡಿಯಣ್ಣ ಎಂದು ಹೆಸರಿಟ್ಟಿದ್ದರು. "ತಡಿಯಣ್ಣಾ, ಊಟ ಆಯ್ತಾ? ಇಲ್ಲ ಡಿಪೋಗೆ ಕೇಳಿ ಹೇಳ್ತೀಯಾ?" ಎಂದು ಛೇಡಿಸುವರು. ಇವರು ನಗುವರು. ಅವಸರದಲ್ಲಿದ್ದವರು ಬೈಯುವರು. ಅದಕ್ಕೂ ನಗುವರು.

ಅವರ ದನಿ ಚೆನ್ನಾಗಿತ್ತು. ನನ್ನ ಗಂಡನೆಂದು ಹೇಳುತ್ತಿಲ್ಲ, ಎಲ್ಲರೂ ಹೇಳುತ್ತಿದ್ದರು. ಗಡಸಿಲ್ಲ, ಅವಸರವಿಲ್ಲ. ಮೈಕಿನಲ್ಲಿ ಗಾಡಿ ಹೊರಡುವ ವಿಷಯ ಹೇಳಿದರೆ ಅಳುತ್ತಿದ್ದ ಮಗು ಸುಮ್ಮನಾಗುತ್ತಿತ್ತು. ಮನೆಯಲ್ಲೂ ಅದೇ ಆಟ. ನಾನು ತಟ್ಟೆ ಹಾಕಿದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಪ್ರಯಾಣಿಕರ ಗಮನಕ್ಕೆ. ಊಟದ ಗಾಡಿ ಹೊರಡಲು ಸಿದ್ಧವಾಗಿದೆ. ಅಮ್ಮ ಎಂಬ ಪ್ರಯಾಣಿಕರು ಎಲ್ಲಿದ್ದರೂ ಬಂದು ಸೇರಿಕೊಳ್ಳಬೇಕು" ಎನ್ನುವರು. ಅತ್ತೆ ಒಳಗಿನಿಂದ "ಬಂದೆ ಕಣೋ, ಸೀಟು ಹಿಡಿದಿಡು" ಎನ್ನುವರು. ನಮಗೆ ಮಕ್ಕಳಿಲ್ಲ. ಮನೆಯ ಸದ್ದೆಲ್ಲ ಅವರದೇ.

ಸಾರಿಗೆ ಇಲಾಖೆಯವರು ಒಂದು ಕಂಪನಿಗೆ ಕೆಲಸ ಒಪ್ಪಿಸಿದರು. ಇನ್ನು ಜನ ಕೌಂಟರಿಗೆ ಬರಬೇಕಾಗಿಲ್ಲ, ಒಂದು ನಂಬರಿಗೆ ಫೋನು ಮಾಡಿದರೆ ಯಂತ್ರವೇ ಮಾತಾಡಿ ಹೇಳುತ್ತದೆ ಎಂದರು. ಎಲ್ಲ ನಿಲ್ದಾಣಗಳಿಗೂ ಅದೊಂದೇ ನಂಬರು. ಅದಕ್ಕೆ ದನಿ ಬೇಕಿತ್ತು. ನಮ್ಮವರನ್ನು ಕರೆದರು. ಗೋಡೆಗೆಲ್ಲ ಹಾಸಿಗೆಯಂಥದ್ದು ಹೊಡೆದಿದ್ದ ಕೋಣೆಯಲ್ಲಿ ಕೂರಿಸಿ ಏನೇನೋ ಓದಿಸಿದರು. ಗಂಟಲು ಕಟ್ಟಿಕೊಂಡು ಮನೆಗೆ ಬಂದರು.

"ಇವತ್ತು ಬರೀ 'ಕ್ಷಮಿಸಿ' ಅಂತ ಹೇಳ್ಸಿದ್ರು ಕಣೇ. ದುಃಖದಲ್ಲಿ ಕ್ಷಮಿಸಿ, ನಗ್ತಾ ಕ್ಷಮಿಸಿ, ಮೆತ್ತಗೆ ಕ್ಷಮಿಸಿ."

"ಯಾಕೆ, ನೀವೇನು ತಪ್ಪು ಮಾಡಿದ್ರಿ?"

"ನಾನೂ ಅದೇ ಕೇಳ್ದೆ. ಮುಂದೆ ಬೇಕಾಗುತ್ತೆ ಅಂದ್ರು."

ನಾವಿಬ್ಬರೂ ನಕ್ಕೆವು. ಅತ್ತೆ, "ಕ್ಷಮಿಸಿ ಅನ್ನೋದನ್ನ ಮೊದಲೇ ಮಾಡಿಟ್ಕೋತಾರಾ? ಒಳ್ಳೆ ಕಂಪನಿ" ಎಂದರು.

ಅದಾಗಿ ಸ್ವಲ್ಪ ಕಾಲಕ್ಕೆ ಇವರಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿಯಿತು. ಆಟೋದಲ್ಲಿ ನನ್ನ ತೊಡೆಯ ಮೇಲೆ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ವಿಚಾರಣೆ ಕೌಂಟರಿಗೆ ಬೇರೆ ಯಾರನ್ನೂ ಹಾಕಲಿಲ್ಲ. ಕಿಟಕಿಗೆ ಹಲಗೆ ಹೊಡೆದು, ಅದರ ಮೇಲೆ ಆ ನಂಬರು ದೊಡ್ಡದಾಗಿ ಬರೆದರು. ನಾನು ಆ ಕಡೆ ಹೋಗುತ್ತಿರಲಿಲ್ಲ. ಆ ನಂಬರಿಗೆ ಫೋನು ಮಾಡುವ ಕೆಲಸವೂ ನನಗೆ ಇರಲಿಲ್ಲ. ಎಲ್ಲಿಗೆ ಹೋಗಲಿ?

ಒಂದು ದಿನ ನಮ್ಮ ಬೀದಿಯ ಟೈಲರ್ ಹೆಂಗಸು ಬಾಗಿಲಿಗೆ ಬಂದಳು. ಅವಳು ಕಣ್ಣು ಕಾಣದ ತನ್ನ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಮುಖ ಸಿಂಡರಿಸಿಕೊಂಡೇ ಮಾತಾಡಿದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಯಜಮಾನ್ರು ಹೀಗೆ ಮಾಡಬಾರದಿತ್ತು."

"ಏನು ಮಾಡಿದ್ರು?"

"ಹಳೇ ಸೇತುವೆ ಮೇಲಿಂದ ಆಸ್ಪತ್ರೆಗೆ ನೇರ ಗಾಡಿ ಇದೆ ಅಂದ್ರು. ಸೇತುವೆ ಮುಚ್ಚಿ ಎಷ್ಟು ಕಾಲ ಆಯ್ತು! ನಮ್ಮಮ್ಮನ್ನ ಬಿಸಿಲಲ್ಲಿ ನಿಲ್ಲಿಸ್ಕೊಂಡು ಕಾದೆ. ಡಾಕ್ಟ್ರು ಎದ್ದು ಹೋದ್ರು."

"ನಮ್ಮವರು ಸತ್ತಿದ್ದಾರೆ ಕಣಮ್ಮ."

"ನಂಗೊತ್ತಿಲ್ವಾ? ಹೆಣ ಎತ್ತೋವಾಗ ನಾನೂ ಇದ್ದೆ. ಆದ್ರೆ ಫೋನಲ್ಲಿ ಹೇಳಿದ್ದು ಅವರೇ. ಯಂತ್ರ ಅಂತ ಗೊತ್ತು. ಆದ್ರೂ ಆ ದನಿ ಕೇಳಿದ್ರೆ ಯಾರಾದ್ರೂ ನಂಬ್ತಾರೆ. ಬೇರೆ ಯಾರದೋ ದನಿ ಆಗಿದ್ರೆ ನಾನು ಇನ್ನೊಬ್ಬರನ್ನ ಕೇಳಿರ್ತಿದ್ದೆ."

ಅವಳು ಹೋದ ಮೇಲೆ ನಾನು ಆ ನಂಬರು ಒತ್ತಿದೆ. "ನಮಸ್ಕಾರ, ಹೇಳಿ. ಎಲ್ಲಿಗೆ ಹೋಗಬೇಕು?" ಎಂದರು. ಅವರೇ. ನಾನು ನೆಲದ ಮೇಲೆ ಕೂತುಬಿಟ್ಟೆ. "ನಿಮ್ಮ ಮಾತು ಕೇಳಿಸುತ್ತಿಲ್ಲ" ಎಂದಿತು. ಕಟ್ ಮಾಡಿದೆ. ಮುಖ ತೊಳೆದುಕೊಂಡು ಬಂದು ಮತ್ತೆ ಮಾಡಿದೆ. ಹಳೇ ಸೇತುವೆಯ ಮೇಲಿನ ಗಾಡಿ ಕೇಳಿದೆ. "ಖಂಡಿತ ಇದೆ. ಆಸನಗಳೂ ಆರಾಮಾಗಿವೆ. ನಿಮ್ಮ ಪ್ರಯಾಣ ಸುಖವಾಗಿರಲಿ" ಎಂದಿತು.

ತಡೀರಿ ಎನ್ನಲಿಲ್ಲ. ಡಿಪೋಗೆ ಕೇಳಲಿಲ್ಲ. ಜೀವಮಾನವೆಲ್ಲ ಆ ಮನುಷ್ಯ ಕೇಳದೆ ಒಂದು ಮಾತು ಹೇಳಿದವನಲ್ಲ. ಅವನ ಗಂಟಲು ತೆಗೆದುಕೊಂಡು ಕಂಪನಿಯವರು ಬಾಯಿಗೆ ಬಂದದ್ದು ಹೇಳಿಸುತ್ತಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಲ್ಲಿ ಎಮ್ಮೆ ಸತ್ತೂ ಹೋಗಿದೆ, ಆದರೂ ಬರೆ ಬಿಡಲಿಲ್ಲ.

ನಾನು ಕಂಪನಿಗೆ ಹೊರಟೆ. ಅತ್ತೆ ತಡೆದರು.

"ಬಿಡೇ. ದನಿಯಾದ್ರೂ ಉಳೀಲಿ."

"ಅದು ಸುಳ್ಳು ಹೇಳ್ತಿದೆ ಅತ್ತೆ."

"ಹೇಳ್ಲಿ ಬಿಡು. ಬದುಕಿದ್ದಾಗ ಒಂದೂ ಹೇಳ್ಲಿಲ್ಲ ಪಾಪ."

"ಜನ ಅವರನ್ನ ಬೈತಿದ್ದಾರೆ."

"ಬೈದ್ರೆ ಅವನಿಗೆ ಕೇಳ್ಸುತ್ತಾ? ಅವನ ದನಿ ನಂಗೆ ಕೇಳ್ಸುತ್ತೆ."

ನಾನು ಚಪ್ಪಲಿ ಮೆಟ್ಟಿದೆ.

ಕಂಪನಿಯ ಕಟ್ಟಡ ಗಾಜಿನದು. ಒಳಗೆ ತಣ್ಣಗೆ, ಕುರ್ಚಿ ಮೆತ್ತಗೆ. ಅಲ್ಲಿಯ ಸಾಹೇಬರು ಸದಾ ನಗುತ್ತಿದ್ದರು. ನಾನು ಹೇಳುವುದನ್ನೂ ನಗುತ್ತಲೇ ಕೇಳಿದರು. ಪಕ್ಕದಲ್ಲಿ ಕನ್ನಡಕದ ಒಬ್ಬ ಮೇಡಂ ಕಂಪ್ಯೂಟರ್ ಹಿಡಿದು ಕೂತಿದ್ದರು. ಯಂತ್ರ ನೋಡಿಕೊಳ್ಳುವವರು ಅವರೇ.

"ನಿಮ್ಮ ಯಜಮಾನರ ದನಿ ನಮ್ಮ ಆಸ್ತಿ ಅಮ್ಮ" ಎಂದರು ಸಾಹೇಬರು.

"ನಿಮ್ಮ ಆಸ್ತಿ ಹೇಗಾಗುತ್ತೆ?"

"ಹೆಮ್ಮೆ ಅನ್ನೋ ಅರ್ಥದಲ್ಲಿ ಹೇಳಿದೆ."

"ಹೆಮ್ಮೆ ಇದ್ರೆ ಸುಳ್ಳು ಹೇಳಿಸ್ಬೇಡಿ. ಸತ್ತವರು ಎದ್ದು ಬಂದು ನಾನಲ್ಲ ಅನ್ನೋಕಾಗಲ್ಲ. ತೆಗೆದುಬಿಡಿ."

ಅವರು ವಾದ ಮಾಡಲಿಲ್ಲ. ತೆಗೆಯುತ್ತೇವೆ ಎಂದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಒಪ್ಪಿದರು. ಕೆಲವು ದಿನದಲ್ಲಿ ಅವರೇ ಫೋನು ಮಾಡಿ, "ಆಯ್ತಮ್ಮ, ಬೇಕಾದ್ರೆ ಪರೀಕ್ಷಿಸಿ" ಎಂದರು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಆ ನಂಬರಿಗೆ ಮಾಡಿದೆ. ಯಾರೋ ಹೆಂಗಸಿನ ದನಿ ಬಂತು. ಹಳೇ ಸೇತುವೆಯ ಗಾಡಿ ಕೇಳಿದೆ. "ಆ ಮಾರ್ಗ ನಿಂತಿದೆ, ಹೊಸ ಸೇತುವೆಯ ಗಾಡಿ ಹಿಡಿಯಿರಿ" ಎಂದಿತು. ಸರಿಯಾದ ಉತ್ತರ. ಎದೆ ಹಗುರವಾಯಿತು. ಆಮೇಲೆ ಭಾರವೂ ಆಯಿತು. ಅದು ಬೇರೆ ವಿಷಯ.

ಅತ್ತೆ ನನ್ನೊಡನೆ ಮಾತು ಬಿಟ್ಟರು. ನನ್ನ ಮಗನನ್ನು ಎರಡನೇ ಸಲ ಕಳೆದಳು ಎಂದು ಅವರ ಮನಸ್ಸಿನಲ್ಲಿದೆ ಎಂದುಕೊಂಡೆ. ಬಡಿಸಿದ್ದನ್ನು ಉಂಡು, ತಟ್ಟೆ ಬದಿಗಿಟ್ಟು, ಕೋಣೆಗೆ ಹೋಗುವರು. ಹೀಗೇ ನಡೆಯಿತು. ಆಮೇಲೆ ಒಂದು ಬೆಳಗ್ಗೆಯಿಂದ ಅವರ ಮುಖ ಸ್ವಲ್ಪ ತಿಳಿಯಾಯಿತು. ನಾನು ನೀರು ಹಿಡಿಯಲು ಹೋದಾಗ ಕೋಣೆಯಲ್ಲಿ ಏನೋ ಪಿಸುಗುಟ್ಟುವುದು ಕೇಳುತ್ತಿತ್ತು. ವಯಸ್ಸಾದವರು, ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾರೆ ಎಂದು ಬಿಟ್ಟೆ.

ಒಂದು ಸಂಜೆ ನೋಡಿದರೆ ಅತ್ತೆ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು, ಬೀದಿ ಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ದಾರೆ. ಗಾಳಿ ತಣ್ಣಗಿತ್ತು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಹೊದಿಕೆ ತಂದು ಹೊದಿಸಿದೆ. ಬೀದಿಯ ಕೊನೆಯನ್ನೇ ನೋಡುತ್ತಿದ್ದರು.

"ಯಾರನ್ನ ಕಾಯ್ತಿದೀರಾ ಅತ್ತೆ?"

ಹೊದಿಕೆ ಎಳೆದುಕೊಂಡರು. ಆಮೇಲೆ ಹೇಳಿದರು.

"ಬರ್ತೀನಿ ಅಂದ."

"ಯಾರು?"

"ಇನ್ಯಾರು? ಬೆಳಗ್ಗೆ ಫೋನಲ್ಲಿ. ಟೈಲರಮ್ಮ ಹೇಳಿದ್ಲು, ಮಧ್ಯಾಹ್ನ ಮಾಡಿದ್ರೆ ಹೆಂಗಸು, ಬೆಳಗ್ಗೆ ಆಫೀಸಿಗೆ ಹೋಗೋ ಹೊತ್ತಲ್ಲಿ ಮಾಡಿದ್ರೆ ಅವನೇ ಅಂತ. ದಿನಾ ಮಾಡ್ತಿದ್ದೆ. ಸುಮ್ಮನೆ ಯಾವ್ದಾದ್ರೂ ಊರು ಕೇಳ್ತಿದ್ದೆ. ಹೇಳ್ತಿದ್ದ. ಇವತ್ತು ತಡ್ಕೊಳ್ಳೋಕಾಗ್ಲಿಲ್ಲ. 'ಮಗಾ, ನಾನು ಕಣೋ. ಮನೆಗೆ ಬಾರೋ' ಅಂದೆ. 'ಖಂಡಿತ. ಸಂಜೆ ಬರುತ್ತೇನೆ' ಅಂದ."

ನನಗೆ ಮೈಯೆಲ್ಲ ಉರಿದುಹೋಯಿತು.

"ಅತ್ತೆ, ಅದು ಯಂತ್ರ."

"ನಂಗೇನು ಬುದ್ಧಿ ಕೆಟ್ಟಿದೆಯೇನೇ? ಬರಲ್ಲ ಅಂತ ಗೊತ್ತು. ನನ್ನ ಮಗ ಅವನು, ಎಲ್ಲಿ ಹೋದ ಅಂತ ನಂಗೆ ಗೊತ್ತಿಲ್ವಾ? ಆದ್ರೂ ಬರ್ತೀನಿ ಅಂದ ಮೇಲೆ ಹೇಗೆ ಒಳಗೆ ಕೂರ್ಲಿ?"

ನಾನು ಅವರ ಪಕ್ಕ ಕೂತೆ. ಕತ್ತಲಾಗುವ ಮೊದಲು ಅವರೇ ನನ್ನ ಭುಜ ಹಿಡಿದು ಎದ್ದರು. "ನಿಲ್ಲಿಸೇ ಅದನ್ನ" ಎಂದರು. "ನಂಗೆ ಹೀಗೆ ದಿನಾ ಕೂರೋಕಾಗಲ್ಲ."

ಮರುದಿನ ಕಂಪನಿಗೆ ಹೋದೆ. ತಲುಪುವ ಹೊತ್ತಿಗೆ ಮಧ್ಯಾಹ್ನ. ಸಾಹೇಬರು ನನ್ನ ಮುಂದೆಯೇ ಫೋನು ಮಾಡಿ ತೋರಿಸಿದರು. ಹೆಂಗಸಿನ ದನಿ. ಇನ್ನೊಮ್ಮೆ ಮಾಡಿದರು. ಹೆಂಗಸಿನದೇ.

"ಬೆಳಗ್ಗೆ ಮಾಡಿದ್ರೆ ಅವರದೇ ಬರುತ್ತೆ" ಎಂದೆ.

"ಅಮ್ಮಾ, ದುಃಖದಲ್ಲಿ ಹಾಗೆ ಅನ್ಸುತ್ತೆ. ನಮ್ಮ ತಾತ ಹೋದಾಗ ನಮ್ಮಜ್ಜಿಗೂ ಕೆಮ್ಮು ಕೇಳಿಸ್ತಿತ್ತಂತೆ. ಸ್ವಲ್ಪ ದಿನ ಆ ನಂಬರಿಗೆ ಮಾಡ್ಬೇಡಿ. ಮನಸ್ಸಿಗೆ ಒಳ್ಳೇದು."

"ಟೈಲರಿಗೂ ದುಃಖನಾ? ಅವಳ ಗಂಡ ಗುಂಡುಕಲ್ಲಿನ ತರ ಇದ್ದಾನೆ."

ಸಾಹೇಬರು ನಕ್ಕರು. ನೀರು ತರಿಸಿಕೊಟ್ಟರು. ಮೀಟಿಂಗ್ ಇದೆ ಎಂದು ಎದ್ದರು. ನನಗೆ ಕೆಟ್ಟ ಮಾತು ಹೇಳಿದ್ದರೆ ಸಹಿಸುತ್ತಿದ್ದೆ. ನನ್ನ ದುಃಖವನ್ನು ಹಿಡಿದು ನನ್ನ ಬಾಯಿಗೇ ತುರುಕಿದರು. ಗಂಡ ಸತ್ತವಳ ಕಿವಿಯೂ ಸತ್ತಿರುತ್ತದೆ ಎಂದು ಇವರಿಗೆ ಯಾರು ಹೇಳಿದರು?

ಮೆಟ್ಟಿಲಿಳಿಯುತ್ತಿದ್ದೆ. ಹಿಂದೆ ಯಾರೋ ಬಂದರು. ಕನ್ನಡಕದ ಮೇಡಂ.

"ಅಮ್ಮಾ, ನೀವು ಹೇಳಿದ್ದು ನಿಜ."

ನಾನು ನಿಂತೆ. ಮೇಡಂ ಗೋಡೆಗೆ ಒರಗಿ ಮೆಲ್ಲಗೆ ಹೇಳಿದರು. ಫೋನಿಗೆ ಉತ್ತರ ಕೊಡುವ ಯಂತ್ರಗಳು ಈ ಕಟ್ಟಡದಲ್ಲಿಲ್ಲ. ಊರಾಚೆ ಗೋದಾಮಿನಂಥ ದೊಡ್ಡ ಮನೆಯಲ್ಲಿವೆ. ಅದಕ್ಕೆ ಇವರು ವಲಯ ಎನ್ನುತ್ತಾರೆ. ಒಂದು ವಲಯ ಒಟ್ಟಿಗೆ ಇಷ್ಟೇ ಜನಕ್ಕೆ ಉತ್ತರ ಕೊಡಬಲ್ಲದು.

"ಬೆಳಗ್ಗೆ ಎಲ್ರೂ ಒಟ್ಟಿಗೆ ಫೋನ್ ಮಾಡ್ತಾರೆ. ನಮ್ಮ ವಲಯ ತುಂಬುತ್ತೆ. ಆಮೇಲೆ ಬಂದ ಕರೇನ ಬೇರೆ ದೇಶದಲ್ಲಿರೋ ಇನ್ನೊಂದು ವಲಯಕ್ಕೆ ತಿರುಗಿಸ್ತೀವಿ. ಅಲ್ಲಿ ಆಗ ಜನ ಮಲಗಿರ್ತಾರೆ. ಯಂತ್ರ ಖಾಲಿ ಇರುತ್ತೆ."

"ನಿಲ್ಲೋಕೂ ಜಾಗ ಇಲ್ಲದಾಗ ಹೆಚ್ಚುವರಿ ಗಾಡಿ ಬಿಟ್ಟ ಹಾಗೆ."

"ಹಾಗೇ ಅಮ್ಮ."

"ಆ ಗಾಡೀಲಿ ಕೂತಿರೋದು ಯಾರು?"

ಮೇಡಂ ಕನ್ನಡಕ ತೆಗೆದು ಒರೆಸಿದರು. "ನಿಮ್ಮ ಯಜಮಾನ್ರು. ಇಲ್ಲಿ ಮಾತ್ರ ತೆಗೆದ್ವಿ. ಅಲ್ಲಿ ಹಾಗೇ ಇದೆ. ಬಸ್ಸಿನ ವಿವರಾನೂ ಅಲ್ಲಿ ಹಳೇದೇ. ಇಲ್ಲಿ ಹೊಸದು ಹಾಕಿದ್ವಿ, ಅಲ್ಲಿ ಹಾಕಿಲ್ಲ. ನಾವು ಪರೀಕ್ಷೆ ಮಾಡೋದು ಮಧ್ಯಾಹ್ನ, ಗಲಾಟೆ ಇಲ್ಲದಾಗ. ಆಗ ಕರೆ ಇಲ್ಲಿಂದ ಆಚೆ ಹೋಗೋದೇ ಇಲ್ಲ. ಎಲ್ಲಾ ಸರಿ ಇದೆ ಅಂತ ಕಾಣುತ್ತೆ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಸರಿಯಾದ ಉತ್ತರವೆಲ್ಲ ಆ ಹೆಂಗಸಿನ ದನಿಯಲ್ಲಿ. ತಪ್ಪು ಉತ್ತರವೆಲ್ಲ ನಮ್ಮವರ ದನಿಯಲ್ಲಿ.

"ಗೊತ್ತಿದ್ದೂ ಯಾಕೆ ತೆಗೀಲಿಲ್ಲ?"

"ನಂಗೂ ಮೊನ್ನೆ ಗೊತ್ತಾಗಿದ್ದು. ಸಾಹೇಬ್ರಿಗೆ ಹೇಳ್ದೆ. ಅಲ್ಲಿರೋದು ಅದೊಂದೇ ದನಿ. ತೆಗೆದ್ರೆ ಬೆಳಗ್ಗೆ ಎಷ್ಟೋ ಕರೆಗೆ ಉತ್ತರ ಸಿಗಲ್ಲ. ಒಂದು ಕರೇನೂ ತಪ್ಪಲ್ಲ ಅಂತ ಅವರು ಇಲಾಖೆಗೆ ಮಾತು ಕೊಟ್ಟಿದ್ದಾರೆ. ಹೊಸ ದನಿ ಅಲ್ಲಿ ಕೂರಿಸೋ ತನಕ ಇರ್ಲಿ, ಗಡಿಬಿಡೀಲಿ ಯಾರು ಗಮನಿಸ್ತಾರೆ ಅಂದ್ರು."

ಅವರು ಕೊಟ್ಟ ಮಾತು ಉಳಿಯಬೇಕು. ಅದಕ್ಕೆ ನಮ್ಮವರ ಮಾತು ಹೋಗಬೇಕು. ಗಮನಿಸಿದವಳು ಬಂದು ಎದುರು ಕೂತರೆ ಅವಳಿಗೆ ಹುಚ್ಚು. ಉಂಡೂ ಹೋದ, ಕೊಂಡೂ ಹೋದ, ಬಡಿಸಿದವಳಿಗೆ ಬೈದೂ ಹೋದ.

"ನೀವೇ ತೆಗೀರಿ" ಎಂದೆ.

"ಅವರು ಹೇಳದೆ ತೆಗೆದ್ರೆ ನನ್ನ ಕೆಲಸ ಹೋಗುತ್ತೆ. ಅವರ ಕಿವಿಗೇ ಬಿದ್ರೆ ತೆಗೀರಿ ಅಂತ ಹೇಳ್ತಾರೋ ಏನೋ. ಬೆಳಗ್ಗೆ ಅವರು ಆಫೀಸಿಗೇ ಬರಲ್ಲ."

ಅಲ್ಲಿಂದ ನೇರ ಬಸ್ ನಿಲ್ದಾಣಕ್ಕೆ ಹೋದೆ. ಇವರು ಸತ್ತ ಮೇಲೆ ಮೊದಲ ಸಲ. ವಿಚಾರಣೆ ಕಿಟಕಿಯ ಪಕ್ಕ ಪಾಸ್ ಕೊಡುವ ಕಿಟಕಿ. ಅದರ ಹಿಂದೆ ಇವರ ಜೊತೆಗಾರ. ಇಬ್ಬರೂ ಒಂದೇ ಸ್ಟೂಲಿನ ಮೇಲೆ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದವರು. ಈಗ ಮೈಕೂ ಅವನ ಪಾಲಿಗೇ ಬಂದಿದೆ. ನನ್ನನ್ನು ಕಂಡು ಎದ್ದು ನಿಂತ.

"ಅತ್ತಿಗೇ! ಬನ್ನಿ ಬನ್ನಿ. ಎಲ್ಲಿಗೆ ಹೋಗಬೇಕು?"

"ಎಲ್ಲಿಗೂ ಇಲ್ಲ. ಮಧ್ಯಾಹ್ನದ ಹೊತ್ತಲ್ಲಿ ಬೆಳಗ್ಗೆ ಮಾಡ್ಬೇಕು ನೀನು."

ವಿಷಯ ಹೇಳಿದೆ. ಮಧ್ಯಾಹ್ನವೇ ಎಲ್ಲರೂ ಒಟ್ಟಿಗೆ ಫೋನು ಮಾಡಿ ಇಲ್ಲಿಯ ಯಂತ್ರ ತುಂಬಿಸಿದರೆ ಸಾಹೇಬರ ಕಿವಿಗೂ ಆ ದನಿ ಬೀಳುತ್ತದೆ ಎಂದೆ. ಅವನ ಮುಖ ಕೆಂಪಾಯಿತು. ಅವನ ಕಿಟಕಿಗೂ ಜನ ಬಂದು ಬೈಯುತ್ತಿದ್ದರಂತೆ, ನಿಮ್ಮ ತಡಿಯಣ್ಣ ಮೋಸ ಮಾಡಿದ ಎಂದು. ನನಗೆ ನೋವಾಗುತ್ತದೆಂದು ಹೇಳಿರಲಿಲ್ಲ. "ಬರೀ ನಮ್ಮ ನಿಲ್ದಾಣದ ಜನ ಸಾಲಲ್ಲ ಅತ್ತಿಗೆ. ಬೇರೆ ನಿಲ್ದಾಣದೋರಿಗೂ ಹೇಳ್ತೀನಿ. ತಡಿಯಣ್ಣನ ಹತ್ರ ದಾರಿ ಕೇಳದ ಡ್ರೈವರ್ ಯಾರಿದ್ದಾನೆ?" ಎಂದ.

ಗೊತ್ತುಮಾಡಿದ ದಿನ ಮಧ್ಯಾಹ್ನ ನಾನು ಮತ್ತೆ ಗಾಜಿನ ಕಟ್ಟಡಕ್ಕೆ ಹೋದೆ. ಅತ್ತೆಯೂ ಬಂದರು. ಬೇಡವೆಂದರೂ ಕೇಳಲಿಲ್ಲ. ಸಾಹೇಬರು ನಮ್ಮನ್ನು ಕಂಡು ನಿಟ್ಟುಸಿರು ಬಿಟ್ಟರು, ಆದರೆ ನಗು ಬಿಡಲಿಲ್ಲ. ಇನ್ನೊಂದೇ ಸಲ ಫೋನು ಮಾಡಿ ತೋರಿಸಿ, ಆಮೇಲೆ ನಾನು ಬರುವುದಿಲ್ಲ ಎಂದೆ. ಅದು ಅವರಿಗೆ ಹಿತವಾಯಿತು. ಮೇಡಂ ಪಕ್ಕದಲ್ಲಿದ್ದರು. ನನ್ನ ಮುಖ ನೋಡಲಿಲ್ಲ.

ನಾನು ನನ್ನ ಫೋನಿನಲ್ಲಿ ಜೊತೆಗಾರನಿಗೆ ಹೇಳಿದೆ. "ಹೂಂ, ಶುರು ಮಾಡಪ್ಪ." ಫೋನು ಕಟ್ ಮಾಡದೆ ಕಿವಿಗೆ ಹಿಡಿದುಕೊಂಡೆ. ನಿಲ್ದಾಣದ ಮೈಕು ಕೇಳಿತು.

"ಪ್ರಯಾಣಿಕರ ಗಮನಕ್ಕೆ. ಕೈಯಲ್ಲಿ ಫೋನ್ ಇರೋರೆಲ್ಲ ಹಲಗೆ ಮೇಲಿರೋ ನಂಬರಿಗೆ ಈಗಲೇ ಮಾಡಿ. ಯಾವ ಊರು ಬೇಕಾದ್ರೂ ಕೇಳಿ. ಇಡಬೇಡಿ, ಮಾತಾಡ್ತಾನೇ ಇರಿ. ಇದು ತಡಿಯಣ್ಣನ ಕೆಲಸ."

ಯಾವನೋ ಕಂಡಕ್ಟರ್ ಕೂಗಿದ. "ನಾನೇನು ಕೇಳ್ಲಣ್ಣಾ? ಎಲ್ಲಾ ದಾರೀನೂ ಗೊತ್ತು!"

"ನಿನ್ನ ಮಾವನ ಮನೆಗೆ ಗಾಡಿ ಕೇಳೋ!"

"ಅದನ್ನೇ ಮರೆಯೋಕೆ ನೋಡ್ತಿದೀನಿ, ನೀನು ನೆನಪು ಮಾಡ್ತೀಯಲ್ಲ!"

ನಗು ಎದ್ದಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡುವ ಗದ್ದಲ. ಹಕ್ಕಿಗಳೆಲ್ಲ ಒಂದೇ ಮರಕ್ಕೆ ಇಳಿದ ಹಾಗೆ.

ಇತ್ತ ಸಾಹೇಬರು ನಂಬರು ಒತ್ತಿ ಫೋನನ್ನು ಮೇಜಿನ ಮೇಲಿಟ್ಟು ದೊಡ್ಡ ದನಿಗೆ ಹಾಕಿದರು. ಹೆಂಗಸು ಬಂದಳು. "ನೋಡಿದ್ರಾ?" ಎಂದರು. ಇನ್ನೊಮ್ಮೆ ಎಂದೆ. ಹೆಂಗಸೇ. ಮೇಡಂ ಕಂಪ್ಯೂಟರ್ ನೋಡುತ್ತ, "ಕರೆ ಏರ್ತಾ ಇದೆ ಸಾರ್. ಯಾಕೋ ಗೊತ್ತಿಲ್ಲ" ಎಂದರು. ಆ ಮೇಡಂಗೆ ನಾನು ಋಣಿ. ಸಾಹೇಬರು ಮೂರನೇ ಸಲ ಒತ್ತಿದರು. ಸ್ವಲ್ಪ ಹೊತ್ತು ಏನೂ ಇಲ್ಲ.

"ನಮಸ್ಕಾರ, ಹೇಳಿ. ಎಲ್ಲಿಗೆ ಹೋಗಬೇಕು?"

ಸಾಹೇಬರ ನಗು ಹೋಯಿತು. ನಾನು ಮಾತಾಡಬೇಕೆಂದಿದ್ದೆ. ಸೇತುವೆಯ ಗಾಡಿ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆ ಮೇಜಿನ ಮೇಲೆ ಬಾಗಿದರು.

"ಸಂಜೆ ಬರ್ತೀನಿ ಅಂದೆ. ಯಾಕೆ ಬರ್ಲಿಲ್ಲ?"

"ಕ್ಷಮಿಸಿ. ಗಾಡಿ ತಡವಾಯಿತು. ಇಂದು ಸಂಜೆ ಖಂಡಿತ ಬರುತ್ತೇನೆ" ಎಂದಿತು. ಮೆತ್ತಗೆ ಹೇಳಿತು.

ಅತ್ತೆ ಸಾಹೇಬರ ಕಡೆ ತಿರುಗಿದರು.

"ಕೇಳಿಸ್ಕೊಂಡೆಯೇನಪ್ಪ? ನನ್ನ ಮಗ ಸತ್ತ ಮೇಲೂ ಅವನ ದನೀಲಿ ನೀವು ಹೀಗೆ ಹೇಳಿಸ್ತಿದ್ದೀರಿ. ನಿಮ್ಮಮ್ಮ ಇದ್ದಾರಾ?"

"ಇದ್ದಾರೆ" ಎಂದರು ಸಾಹೇಬರು.

"ಅವರನ್ನ ಹೀಗೆ ಬಾಗಿಲಲ್ಲಿ ಕೂರಿಸ್ತೀಯಾ?"

ಸಾಹೇಬರು ಫೋನು ಆರಿಸಿದರು. ನನ್ನ ಫೋನಿನಲ್ಲಿ ಜೊತೆಗಾರ ಕಿರುಚುತ್ತಿದ್ದ. "ಬಂತಾ ಅತ್ತಿಗೆ? ಬರ್ಲಿಲ್ಲಾಂದ್ರೆ ನಾಳೇನೂ ಮಾಡ್ತೀವಿ! ದಿನಾ ಮಾಡ್ತೀವಿ!" ಸಾಹೇಬರಿಗೂ ಕೇಳಿಸಿತು. ಅವರು ನಾಚಿಕೆಯಿಂದ ಒಪ್ಪಿದರೋ ಹೆದರಿ ಒಪ್ಪಿದರೋ ನನಗೆ ಗೊತ್ತಿಲ್ಲ. ನನಗೆ ಎರಡೂ ಒಂದೇ.

"ಅಲ್ಲಿಂದ ತೆಗೀರಿ" ಎಂದರು ಮೇಡಂಗೆ.

"ಕರೆ ತಪ್ಪುತ್ತೆ ಸಾರ್."

"ತಪ್ಪಲಿ."

"ಎಲ್ಲೆಲ್ಲಿದೆಯೋ ಅಲ್ಲೆಲ್ಲ" ಎಂದೆ ನಾನು. "ತೆಗೆಯೋ ತನಕ ಇಲ್ಲೇ ಕೂತಿರ್ತೀನಿ. ಇನ್ನೊಂದು ಹೆಚ್ಚುವರಿ ಗಾಡಿ ಇನ್ನೆಲ್ಲೋ ಇತ್ತು ಅಂತ ಆಮೇಲೆ ಹೇಳ್ಬೇಡಿ."

ಮೇಡಂ ಕೆಲಸ ಶುರು ಮಾಡಿದರು. ನಡುವೆ ಸಾಹೇಬರು ಮೆತ್ತಗೆ, "ಬೇಕಾದ್ರೆ ಒಂದು ಪ್ರತಿ ನಿಮಗೆ ಕೊಡ್ತೀವಿ ಅಮ್ಮ. ಮನೇಲಿ ಇಟ್ಕೊಳ್ಳಿ" ಎಂದರು. ನಾನು ಅತ್ತೆಯನ್ನು ನೋಡಿದೆ. ಬೇಕು ಎಂದು ನನ್ನ ನಾಲಿಗೆಯ ತುದಿಯಲ್ಲಿತ್ತು.

"ಅವನು ನಮ್ಮನೇಲಿ ಆಡ್ತಿದ್ದ ಮಾತು ಇದೆಯಾ ಅದರಲ್ಲಿ?" ಎಂದರು ಅತ್ತೆ.

"ಅದಿಲ್ಲ. ಇಲ್ಲಿ ಓದಿದ್ದು ಮಾತ್ರ."

"ಹಾಗಾದ್ರೆ ಅದು ನಿಮ್ಮದೇ. ನಮಗೆ ಬೇಡ."

ಮೇಡಂ ಮುಗಿಸಿದರು. ನಿಲ್ದಾಣದ ಜನ ಇನ್ನೂ ಫೋನು ಹಿಡಿದೇ ಇದ್ದರು. ಸಾಹೇಬರು ಮತ್ತೆ ನಂಬರು ಒತ್ತಿದರು. ಕಾಯ್ದೆವು. ಟೂಂ ಟೂಂ ಎಂದು ಬಿಡುವಿಲ್ಲದ ಸದ್ದು ಮಾತ್ರ. ಮತ್ತೆ ಮತ್ತೆ ಮಾಡಿಸಿದೆ. ಅದೇ ಸದ್ದು.

ಹೊರಡುವಾಗ ಸಾಹೇಬರಿಗೆ ಒಂದು ಮಾತು ಹೇಳಿದೆ. ಆ ನಂಬರಿನಲ್ಲೇ ಒಂದು ದಿನ ಜನಕ್ಕೆ ಹೇಳಿಸಿ, ಈ ಹಿಂದೆ ಕೊಟ್ಟ ತಪ್ಪು ಉತ್ತರ ಕಂಪನಿಯದು, ಆ ಮನುಷ್ಯನದಲ್ಲ ಎಂದು. ಅವರು "ನೋಡೋಣ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಇವತ್ತಿನ ತನಕ ಹೇಳಿಸಿಲ್ಲ. ಆಮೇಲೆ ಹೊಸ ದನಿಯನ್ನು ಎರಡೂ ಕಡೆ ಕೂರಿಸಿದರಂತೆ, ಬಸ್ಸಿನ ವಿವರವನ್ನೂ ಸರಿ ಮಾಡಿದರಂತೆ. ಈಗ ಎಲ್ಲವನ್ನೂ ಸರಿಯಾಗಿ ಹೇಳುತ್ತದೆ. ಅದರಿಂದ ನನಗೆ ಇನ್ನೂ ಕೆಟ್ಟದ್ದೇ ಆಗಿದೆ. "ಆ ಗಂಡಸು ಇದ್ದಾಗ ತಪ್ಪು ಹೇಳ್ತಿದ್ದ, ಈ ಹೆಂಗಸು ಬಂದ ಮೇಲೆ ಸರಿಯಾಯ್ತು" ಎಂದು ಜನ ಮಾತಾಡುತ್ತಾರೆ. ನನ್ನ ಎದುರೇ ಬಸ್ಸಿನಲ್ಲಿ ಒಬ್ಬ ಹೇಳಿದ. ಅವನನ್ನು ಅಲ್ಲೇ ಜಾಡಿಸಿದೆ. ಎಷ್ಟು ಜನರನ್ನು ಜಾಡಿಸಲಿ? ಅದಕ್ಕೇ ಬರೆದೆ. ಕಂಪನಿ ಹೇಳದಿದ್ದರೆ ನಾನು ಹೇಳುತ್ತೇನೆ. ತಪ್ಪು ಹೇಳಿದ್ದು ಯಂತ್ರ. ಅದನ್ನು ಬೇಕೆಂದೇ ಬಿಟ್ಟದ್ದು ಒಬ್ಬ ಸಾಹೇಬ. ನಮ್ಮವರು ಆಗ ಬದುಕಿರಲಿಲ್ಲ.

ಅತ್ತೆ ನನ್ನೊಡನೆ ಮಾತಾಡುತ್ತಾರೆ. ಮೊದಲಿನಷ್ಟಲ್ಲ. ಒಮ್ಮೊಮ್ಮೆ ನನ್ನ ಮೇಲೆ ರೇಗುತ್ತಾರೆ, ಒಮ್ಮೊಮ್ಮೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಾರೆ. ಮನೆ ಬಹಳ ಸದ್ದಿಲ್ಲದೆ ಇರುತ್ತದೆ. ಸಂಜೆಯಾದರೆ ಬೀದಿ ಬಾಗಿಲನ್ನು ನಾನೇ ಹಾಕುತ್ತೇನೆ. ಅತ್ತೆ ಬೇಡ ಎನ್ನುವುದಿಲ್ಲ.